ಹತ್ತು ಲೀಟರಿನ ಗೇಮಿಂಗ್ ಪಿಸಿಯ ಲೆಕ್ಕ

ಗೇಮಿಂಗ್ ಪಿಸಿಯ ಹುಚ್ಚು ಹತ್ತಿದವರು ಕ್ಯಾಬಿನೆಟ್ಟನ್ನು, ಅಂದರೆ ಪಿಸಿಯ ಹೊರಡಬ್ಬಿಯನ್ನು, ಲೀಟರಿನಲ್ಲಿ ಅಳೆಯುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಗಾಜಿನ ಪಕ್ಕೆ, ಬಣ್ಣಬಣ್ಣದ ದೀಪ ಹೊತ್ತು ನಿಂತಿರುವ ಮಾಮೂಲಿ ಟವರ್‌ಗಳು ನಲವತ್ತರಿಂದ ಐವತ್ತು ಲೀಟರಿನವು. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದು ಸಣ್ಣದರ ಪಂಗಡಕ್ಕೆ ಸೇರುತ್ತದೆ. ಬೆಂಗಳೂರಿನ ಬಾಡಿಗೆ ಮನೆಗಳ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಇರುತ್ತದಲ್ಲ, ಅದಕ್ಕಿಂತ ಚಿಕ್ಕದು ಅಂತಿಟ್ಟುಕೊಳ್ಳಿ. 2017ರಲ್ಲಿ ಬಂದ ಕೋರ್ಸೇರ್ ಒನ್ ಎಂಬ ರೆಡಿಮೇಡ್ ಪಿಸಿ 12 ಲೀಟರ್. ಅದರ ಹಿಂದಿನ ವರ್ಷ ಬಂದ ಎಂಎಸ್‌ಐ ಟ್ರೈಡೆಂಟ್ 3 ಬರೀ 4.72 ಲೀಟರ್. ಆದರೆ ಅದರ ವಿದ್ಯುತ್ ಅಡಾಪ್ಟರನ್ನು ಡಬ್ಬಿಯ ಹೊರಗೆ, ಮೇಜಿನ ಕೆಳಗೆ ಬಿಟ್ಟಿದ್ದರು. ಆ ದಪ್ಪ ಇಟ್ಟಿಗೆಯನ್ನು ಲೀಟರ್ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಸಣ್ಣ ಪಿಸಿಗಳ ಲೆಕ್ಕವೆಲ್ಲ ಸುಮಾರು ಹೀಗೇ, ಏನನ್ನೋ ಒಂದನ್ನು ಹೊರಗಿಟ್ಟೇ ಹೇಳುವುದು.

ನನ್ನನ್ನು ಈ ಲೆಕ್ಕಕ್ಕೆ ಎಳೆದವನು ಅಕ್ಕನ ಮಗ. ಬಳ್ಳಾರಿಯಲ್ಲಿದ್ದಾನೆ, ಎರಡನೇ ಪಿಯುಸಿ. ಸಿಇಟಿ ಮುಗಿದ ಮೇಲೆ ಯಾವ ಊರಿನ ಹಾಸ್ಟೆಲ್ಲೋ ದೇವರೇ ಬಲ್ಲ. "ಮಾವ, ಟವರ್ ಬ್ಯಾಡ. ಬ್ಯಾಗಲ್ಲಿ ಹಾಕ್ಕೊಂಡು ಹೋಗಂಗಿರ್ಬೇಕು" ಅಂತ ಅವನ ಹಟ. ಭಾವನದು ಬೇರೆಯೇ ಚಿಂತೆ: "ಬಿಡಿ ಸಾಮಾನು ತಂದು ಜೋಡಿಸೋದೆಲ್ಲ ಬೇಡಪ್ಪ. ಏನಾದ್ರೂ ಆದ್ರೆ ಒಬ್ಬನ್ನೇ ಕೇಳಂಗಿರ್ಬೇಕು ನೋಡು." ಇಬ್ಬರ ಮಾತನ್ನೂ ಕೂಡಿಸಿದರೆ ಬರುವ ಉತ್ತರ ಒಂದೇ: ಕಂಪನಿಯೇ ಜೋಡಿಸಿ ಕಳಿಸುವ ಪುಟ್ಟ ಗೇಮಿಂಗ್ ಪಿಸಿ. ಚೆಂದದ ಉತ್ತರವೇ. ಆದರೆ ಅದಕ್ಕೆ ಏನೇನು ಬಿಟ್ಟುಕೊಡಬೇಕು ಅನ್ನುವುದನ್ನು ಮಾರುವವರು ಹೇಳುವುದಿಲ್ಲ.

ಈ ಬಿಟ್ಟುಕೊಡುವಿಕೆಯಲ್ಲಿ ಎರಡು ಬಗೆ ಇದೆ ಅಂತ ನನಗೆ ಅನ್ನಿಸುತ್ತದೆ. ಕೆಲವನ್ನು ಭೌತಶಾಸ್ತ್ರ ಕೇಳುತ್ತದೆ. ಜಾಗ ಕಡಿಮೆಯಾದರೆ ಗಾಳಿ ಕಡಿಮೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಇನ್ನು ಕೆಲವನ್ನು ಕಂಪನಿ ಕೇಳುತ್ತದೆ, ತನ್ನ ಖರ್ಚು ಉಳಿಯಲಿ ಅಂತಲೋ, ಗಿರಾಕಿ ಮತ್ತೆ ತನ್ನ ಬಾಗಿಲಿಗೇ ಬರಲಿ ಅಂತಲೋ. ಮೊದಲನೆಯದನ್ನು ನಾನು ಬೇಸರವಿಲ್ಲದೆ ಕೊಡುತ್ತೇನೆ. ಎರಡನೆಯದಕ್ಕೆ ಚೌಕಾಸಿ ಮಾಡುತ್ತೇನೆ. ಕಷ್ಟವೇನೆಂದರೆ ಎರಡೂ ಒಂದೇ ಬಿಲ್ಲಿನಲ್ಲಿ ಬರುತ್ತವೆ.

ಭೌತಶಾಸ್ತ್ರದ್ದನ್ನೇ ಮೊದಲು ನೋಡೋಣ. ಡಬ್ಬಿ ಚಿಕ್ಕದಾದರೆ ಬಿಸಿಯೂ ಕಡಿಮೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಆಟ ಆಡುವಾಗ 350 ವ್ಯಾಟ್ ಎಳೆಯುವ ಯಂತ್ರ ಐವತ್ತು ಲೀಟರಿನದಾದರೂ ಹತ್ತು ಲೀಟರಿನದಾದರೂ ಕೋಣೆಗೆ ಬಿಡುವುದು 350 ವ್ಯಾಟಿನ ಬಿಸಿಯನ್ನೇ. ಮೂರು ಗಂಟೆ ಆಡಿದರೆ ಮೀಟರಿನಲ್ಲಿ ಒಂದು ಯೂನಿಟ್, ಆ ಒಂದು ಯೂನಿಟ್ಟೂ ಕೊನೆಗೆ ಕೋಣೆಯ ಸೆಕೆಯಾಗುತ್ತದೆ. ಚಿಕ್ಕ ಡಬ್ಬಿಯಲ್ಲಿ ಬದಲಾಗುವುದು ಆ ಬಿಸಿಯನ್ನು ಹೊರಗೆ ಹಾಕುವ ಕಷ್ಟ. ಒಂದೇ ಮಾದರಿಯ ಫ್ಯಾನಿನ ವ್ಯಾಸವನ್ನು ಅರ್ಧಕ್ಕಿಳಿಸಿದರೆ, ಅಂದರೆ 120 ಮಿಲಿಮೀಟರಿನದರ ಜಾಗದಲ್ಲಿ 60 ಮಿಲಿಮೀಟರಿನದನ್ನು ಹಾಕಿದರೆ, ಅಷ್ಟೇ ಗಾಳಿ ತಳ್ಳಲು ಅದು ಸುಮಾರು ಎಂಟು ಪಟ್ಟು ವೇಗವಾಗಿ ತಿರುಗಬೇಕು. ದೊಡ್ಡ ಫ್ಯಾನಿನ ಗುಂಯ್ ಸದ್ದು ಕಿವಿಗೆ ಒಗ್ಗಿಹೋಗುತ್ತದೆ. ಸಣ್ಣದರ ಕೀರಲು ಒಗ್ಗುವುದಿಲ್ಲ.

ನಮ್ಮ ಊರುಗಳ ಪಾಲಿಗೆ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹೀಟ್‌ಸಿಂಕ್, ಫ್ಯಾನು, ನೀರಿನ ಕೂಲರ್, ಯಾವುದೇ ಆಗಲಿ, ಚಿಪ್ಪಿನ ತಾಪವನ್ನು ಕೋಣೆಯ ತಾಪಕ್ಕಿಂತ ಕೆಳಗೆ ಇಳಿಸಲಾರದು. ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲೆ ಅನ್ನುವ ಅಂತರವನ್ನಷ್ಟೇ ಅದು ಕಾಯುವುದು. ಯೂಟ್ಯೂಬಿನ ವಿಮರ್ಶಕರು ಇಪ್ಪತ್ತೊಂದು ಇಪ್ಪತ್ತೆರಡು ಡಿಗ್ರಿಯ ಕೋಣೆಯಲ್ಲಿ ಕೂತು, "77ಕ್ಕೆ ನಿಂತಿದೆ, ಪರವಾಗಿಲ್ಲ" ಅನ್ನುತ್ತಾರೆ. ಅಂತರ 55. ಅದೇ ಡಬ್ಬಿಯನ್ನು ಏಪ್ರಿಲ್ಲಿನಲ್ಲಿ ಬಳ್ಳಾರಿಗೆ ಒಯ್ಯಿರಿ. ಮಧ್ಯಾಹ್ನ ಮಹಡಿ ಮೇಲಿನ ಕೋಣೆ 40 ಮುಟ್ಟಿರುತ್ತದೆ. 40ಕ್ಕೆ 55 ಕೂಡಿಸಿದರೆ 95. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರುಗಳ ಮಿತಿ ಸರಿಯಾಗಿ ಅಲ್ಲಿಗೇ ನಿಂತಿದೆ, ಇಂಟೆಲ್‌ನದು ಸಾಮಾನ್ಯವಾಗಿ 100. ಅಲ್ಲಿಂದಾಚೆಗೆ ಚಿಪ್ಪು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ದೊಡ್ಡ ಟವರಿನಲ್ಲಿ ಈ ಅಂತರ ಕಡಿಮೆ ಇರುವುದರಿಂದ ಬಿಸಿಲಿಗೂ ಒಂದಿಷ್ಟು ಎಡೆ ಉಳಿದಿರುತ್ತದೆ. ಸಣ್ಣದರಲ್ಲಿ ಆ ಎಡೆಯನ್ನೆಲ್ಲ ಡಬ್ಬಿ ಮಾಡಿದವರೇ ಆಗಲೇ ಖರ್ಚು ಮಾಡಿರುತ್ತಾರೆ.

ಹಾಗಂತ ಸಣ್ಣ ಡಬ್ಬಿಯೇ ಕೆಟ್ಟದ್ದು ಅಂತಲ್ಲ. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಗೇಮ್ ಕನ್ಸೋಲ್ ನೋಡಿ: 301 ಮಿಲಿಮೀಟರ್ ಎತ್ತರ, 151 ಅಗಲ, 151 ಆಳ. ಏಳು ಲೀಟರೂ ಇಲ್ಲ. ವಿದ್ಯುತ್ ಸರಬರಾಜು ಒಳಗೇ ಇದೆ, ತಲೆಯ ಮೇಲೆ ಒಂದೇ ಒಂದು ದೊಡ್ಡ ಫ್ಯಾನು, ಸದ್ದು ಹೆಚ್ಚಿಲ್ಲ. ಒಂದೇ ಕೆಲಸಕ್ಕೆ, ಒಂದೇ ಚಿಪ್ಪಿಗೆ, ಗಾಳಿಯ ಒಂದೇ ದಾರಿಗೆ ಅಂತ ಮೊದಲಿಂದಲೂ ರೂಪಿಸಿದ್ದರಿಂದ ಅದು ಆಯಿತು. ಅದಕ್ಕೆ ಪ್ರತಿಯಾಗಿ ಅಲ್ಲಿ ರ‍್ಯಾಮ್ ಬದಲಿಸುವ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮಾತೇ ಇಲ್ಲ. ಪಿಸಿಯವರು ಇವೆರಡೂ ಬೇಕು ಅನ್ನುತ್ತಾರೆ, ಕನ್ಸೋಲಿನ ಅಚ್ಚುಕಟ್ಟೂ ಬೇಕು, ಟವರಿನ ಸ್ವಾತಂತ್ರ್ಯವೂ ಬೇಕು. ತಕರಾರು ಶುರುವಾಗುವುದು ಇಲ್ಲೇ.

ಈಗ ಕಂಪನಿ ಕೇಳುವುದಕ್ಕೆ ಬರೋಣ. ರಾಜಾಜಿನಗರದಲ್ಲಿರುವ ಸಹೋದ್ಯೋಗಿಯೊಬ್ಬರ ಪುಟ್ಟ ಪಿಸಿ ಆನ್ ಆಗುತ್ತಿರಲಿಲ್ಲ. ಭಾನುವಾರ ಅವರ ಮನೆಯ ನೆಲದ ಮೇಲೆ ಪೇಪರ್ ಹಾಸಿ ಬಿಚ್ಚಿದೆವು. ಹಿಂಬದಿಯ ಎರಡು ಸ್ಕ್ರೂ ತೆಗೆದು ಪಕ್ಕೆಯ ತಗಡನ್ನು ಹಿಂದಕ್ಕೆ ಜಾರಿಸಿದರೆ ಒಳಗೆ ಕೈ ಹೋಗಲೂ ಜಾಗವಿಲ್ಲ. ಒಂದು ಬದಿಗೆ ಮದರ್‌ಬೋರ್ಡ್, ಇನ್ನೊಂದು ಬದಿಗೆ ಅದಕ್ಕೆ ಬೆನ್ನು ಕೊಟ್ಟು ಕೂತ ಗ್ರಾಫಿಕ್ಸ್ ಕಾರ್ಡ್, ಎರಡನ್ನೂ ಜೋಡಿಸುವ ಚಪ್ಪಟೆ ಕಪ್ಪು ಪಟ್ಟಿ, ಅಂದರೆ ರೈಸರ್ ಕೇಬಲ್. ಕಾರ್ಡಿಗೆ ಗಾಳಿ ಹೋಗುವ ಜಾಲರಿಯ ಒಳಮೈಯಲ್ಲಿ ಧೂಳು ಬೂದುಬಣ್ಣದ ಬಟ್ಟೆಯ ಥರ ಹೆಪ್ಪುಗಟ್ಟಿತ್ತು. ಉಗುರಿನಿಂದ ಎತ್ತಿದರೆ ಇಡೀ ಹಾಳೆಯಾಗಿ ಎದ್ದು ಬಂತು. ಕೆಟ್ಟಿದ್ದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ ಯಾವ ಅಳತೆಯದೂ ಅಲ್ಲ ಅದು, ಉದ್ದಕ್ಕೆ, ತೆಳ್ಳಗೆ, ಆ ಕ್ಯಾಬಿನೆಟ್ಟಿಗೆ ಅಂತಲೇ ಮಾಡಿಸಿದ್ದು. ಮದರ್‌ಬೋರ್ಡಿಗೆ ಹೋಗುವ ಕನೆಕ್ಟರಿನಲ್ಲೂ ಎಂದಿನ 24 ಪಿನ್ ಇರಲಿಲ್ಲ. ಎಸ್.ಪಿ. ರೋಡಿಗೆ ಒಯ್ದು ತೋರಿಸಿದಾಗ ಅಂಗಡಿಯ ಹುಡುಗ ಒಮ್ಮೆ ತಿರುಗಿಸಿ ನೋಡಿ ವಾಪಸ್ ಕೈಗಿಟ್ಟ. "ಸಾರ್, ಇದು ಕಂಪನಿ ಮಾಲು. ಹೊರಗಡೆ ಸಿಗಲ್ಲ, ಸರ್ವಿಸ್ ಸೆಂಟರಿಗೇ ಹೋಗಿ." ಸರ್ವಿಸ್ ಸೆಂಟರಿನವರು ಪಾರ್ಟ್ ಬರಬೇಕು ಅಂದರು. ಬರುವಷ್ಟರಲ್ಲಿ ಅವರ ಮಗಳ ಬೇಸಿಗೆ ರಜೆ ಮುಗಿದಿತ್ತು.

ಜಾಗದ ಅಭಾವ ಅಂತ ಇದನ್ನು ಸಮರ್ಥಿಸಲು ಬರುವುದಿಲ್ಲ. ಸಣ್ಣ ಕ್ಯಾಬಿನೆಟ್ಟಿಗೆಂದೇ ಎಸ್‌ಎಫ್‌ಎಕ್ಸ್ ಎಂಬ ಅಳತೆಯ ಎಸ್‌ಎಂಪಿಎಸ್ ಇದೆ, 125 ಮಿಲಿಮೀಟರ್ ಅಗಲ, 63.5 ಎತ್ತರ, 100 ಉದ್ದ. ಹಲವು ಕಂಪನಿಗಳು ಮಾಡುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಮದರ್‌ಬೋರ್ಡಿಗೂ 2001ರಲ್ಲಿ ವಿಯಾ ಕಂಪನಿ ಹುಟ್ಟಿಸಿದ ಮಿನಿ ಐಟಿಎಕ್ಸ್ ಇದೆ, 170 ಮಿಲಿಮೀಟರಿನ ಚೌಕ. 2024ರ ಕಂಪ್ಯೂಟೆಕ್ಸ್ ಮೇಳದಲ್ಲಿ ಗ್ರಾಫಿಕ್ಸ್ ಚಿಪ್ಪು ಮಾಡುವ ಎನ್‌ವಿಡಿಯಾ ಕೂಡ ಸಣ್ಣ ಕ್ಯಾಬಿನೆಟ್ಟಿಗೆ ಹೊಂದುವ ಕಾರ್ಡುಗಳಿಗೆ ಒಂದು ಮಿತಿ ಗೊತ್ತುಮಾಡಿತು: 304 ಮಿಲಿಮೀಟರ್ ಉದ್ದ, 151 ಎತ್ತರ, 50 ದಪ್ಪ. ಇಷ್ಟೆಲ್ಲ ಅಳತೆಗಳು ಕೈಗೆ ಸಿಗುವಾಗ ತನ್ನದೇ ಆಕಾರದ ಭಾಗ ಮಾಡಿಸಿದರೆ ಅದು ಕಂಪನಿಯ ತೀರ್ಮಾನ. ಹಾಗೆ ಮಾಡಿದ ಡಬ್ಬಿ ಸಿಕ್ಕಾಪಟ್ಟೆ ಅಗ್ಗವಾಗಿದ್ದರೆ ಮಾತ್ರ ನಾನು ಅದರ ಕಡೆ ನೋಡುವುದು.

ಕೆಲವೊಮ್ಮೆ ಎರಡರ ನಡುವಿನ ಗೆರೆ ಮಸುಕಾಗುತ್ತದೆ. ಫ್ರೇಮ್‌ವರ್ಕ್ ಅನ್ನುವ ಕಂಪನಿ ಹೆಸರು ಮಾಡಿದ್ದೇ ಬಿಚ್ಚಿ ರಿಪೇರಿ ಮಾಡಬಹುದಾದ ಲ್ಯಾಪ್‌ಟಾಪಿನಿಂದ. ಅದೇ ಕಂಪನಿ 2025ರಲ್ಲಿ 4.5 ಲೀಟರಿನ ಡೆಸ್ಕ್‌ಟಾಪ್ ತಂದಾಗ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿತ್ತು. ಅಭಿಮಾನಿಗಳು ಮುನಿಸಿಕೊಂಡರು. ಕಂಪನಿಯ ಮುಖ್ಯಸ್ಥ ನೀರವ್ ಪಟೇಲ್ ಕೊಟ್ಟ ವಿವರಣೆ ಹೀಗಿತ್ತು: ಎಎಂಡಿಯ ರೈಜನ್ ಎಐ ಮ್ಯಾಕ್ಸ್ ಚಿಪ್ಪು 256 ಬಿಟ್ ಅಗಲದ ದಾರಿಯಲ್ಲಿ ರ‍್ಯಾಮಿನೊಂದಿಗೆ ಮಾತಾಡುತ್ತದೆ, ಆ ವೇಗದಲ್ಲಿ ಸಾಕೆಟ್ ನಡುವೆ ಬಂದರೆ ಸಂಕೇತ ಕೆಡುತ್ತದೆ, ಎಎಂಡಿಯವರೂ ಪ್ರಯತ್ನಿಸಿ ನೋಡಿದರು, ಆಗಲಿಲ್ಲ. ನಾನು ಇದನ್ನು ಒಪ್ಪುತ್ತೇನೆ. ಅದೇ ಯಂತ್ರದಲ್ಲಿ ಬೋರ್ಡು ಮಿನಿ ಐಟಿಎಕ್ಸ್ ಅಳತೆಯದೇ ಇದೆ, ಬೇರೆ ಕ್ಯಾಬಿನೆಟ್ಟಿಗೂ ಹಾಕಬಹುದು. ಬಿಟ್ಟುಕೊಡಲೇಬೇಕಾದ ಒಂದನ್ನು ಬಿಟ್ಟು, ಮಿಕ್ಕಿದ್ದನ್ನು ಉಳಿಸಿಕೊಂಡಿದ್ದಾರೆ. ಉಳಿದ ಕಂಪನಿಗಳಿಂದ ನಾನು ಕೇಳುವುದೂ ಇಷ್ಟೇ.

ಇನ್ನು ಹೆಸರಿನಾಟ. ಐದು ಲೀಟರಿಗಿಂತ ಚಿಕ್ಕ ಗೇಮಿಂಗ್ ಡಬ್ಬಿಗಳಲ್ಲಿ ಹಲವದರೊಳಗೆ ಇರುವುದು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು. 2024ರ ಆಸುಸ್ ಆರ್‌ಒಜಿ ನಕ್ ಎಂಬ ಪುಟ್ಟ ಪಿಸಿ ಅಂಥದ್ದು, ಎರಡೂವರೆ ಲೀಟರ್. ಅದರಲ್ಲಿ ತಪ್ಪಿಲ್ಲ, ಹಾಗಂತ ಹೇಳಿಯೇ ಮಾರುತ್ತಾರೆ. ಆದರೆ ಜಾಹೀರಾತಿನ ದೊಡ್ಡಕ್ಷರದಲ್ಲಿ 'ಆರ್‌ಟಿಎಕ್ಸ್ 4070' ಅಂತಿದ್ದು, 'ಲ್ಯಾಪ್‌ಟಾಪ್' ಅನ್ನುವುದು ಕೆಳಗೆ ಎಲ್ಲೋ ಸಣ್ಣದಾಗಿ ಇದ್ದರೆ ಹುಷಾರಾಗಿರಿ. ಡೆಸ್ಕ್‌ಟಾಪಿನ 4070ಯಲ್ಲಿ 5888 ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು, 12 ಜಿಬಿ ಮೆಮೊರಿ. ಲ್ಯಾಪ್‌ಟಾಪಿನ 4070ಯಲ್ಲಿ 4608 ಕೋರ್, 8 ಜಿಬಿ. ಹೆಸರು ಒಂದೇ, ಸರಕು ಬೇರೆ. ಪ್ರೊಸೆಸರಿನ ಕಡೆಗೂ ಹೀಗೇ ಒಂದು ಮಸಲತ್ತು. ಇಂಟೆಲ್‌ನ ಐ7 13700ರ ಮೇಲೆ 65 ವ್ಯಾಟ್ ಅಂತ ಬರೆದಿರುತ್ತಾರೆ, ತಡೆಯದೆ ಬಿಟ್ಟರೆ ಅದು 219 ವ್ಯಾಟ್‌ವರೆಗೂ ಏರುತ್ತದೆ. ಸಣ್ಣ ಡಬ್ಬಿಯಲ್ಲಿ ಕಂಪನಿ ಎಷ್ಟಕ್ಕೆ ಬಿಟ್ಟಿದೆ ಅನ್ನುವುದರ ಮೇಲೆ ಒಂದೇ ಚಿಪ್ಪು ಒಂದು ಕಡೆ ಕುದುರೆ, ಇನ್ನೊಂದು ಕಡೆ ಕತ್ತೆ. ರ‍್ಯಾಮ್ 16 ಜಿಬಿ ಅಂದರೆ 8ರ ಎರಡು ಕಡ್ಡಿಯೋ, 16ರ ಒಂದೇ ಕಡ್ಡಿಯೋ ಅಂತ ಕೇಳಲೇಬೇಕು. ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ದಾರಿ ಅರ್ಧಕ್ಕಿಳಿಯುತ್ತದೆ, ಆಟದಲ್ಲಿ ಅದು ಗೊತ್ತಾಗುತ್ತದೆ. ರೆಡಿಮೇಡ್ ಪಿಸಿಗಳಲ್ಲಿ ಕಾಸು ಉಳಿಸುವ ಅತ್ಯಂತ ಹಳೆಯ ಉಪಾಯ ಇದು.

ಸುರಕ್ಷತೆಯ ಮಾತನ್ನೂ ಹೇಳಿಬಿಡುತ್ತೇನೆ. ಎನ್‌ಜಡ್‌ಎಕ್ಸ್‌ಟಿಯ ಎಚ್1 ಎಂಬ ಕ್ಯಾಬಿನೆಟ್ 2020ರಲ್ಲಿ ಬಂತು. ಎಸ್‌ಎಂಪಿಎಸ್, ನೀರಿನ ಕೂಲರ್, ರೈಸರ್ ಎಲ್ಲ ಜೋಡಿಸಿಯೇ ಕೊಡುತ್ತಿದ್ದರು. ಆ ರೈಸರನ್ನು ಚೌಕಟ್ಟಿಗೆ ಬಿಗಿಯುವ ಸ್ಕ್ರೂಗಳು ಒಳಗಿನ ವಿದ್ಯುತ್ ಪದರಕ್ಕೆ ತಾಗಿ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಕಂಡುಬಂತು. ಮೊದಲು ಪ್ಲಾಸ್ಟಿಕ್ ಸ್ಕ್ರೂ ಕಳಿಸಿ ಕೈತೊಳೆದುಕೊಳ್ಳಲು ನೋಡಿದರು, ಕೊನೆಗೆ 2021ರ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು 32,000 ಕ್ಯಾಬಿನೆಟ್‌ಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕೂದಲೆಳೆಯ ಅಂತರದಲ್ಲಿ ಎಲ್ಲವನ್ನೂ ಕೂರಿಸುವಾಗ ಒಂದು ಸ್ಕ್ರೂ ಎಲ್ಲಿ ಹೋಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

'ಮುಂದೆ ಅಪ್‌ಗ್ರೇಡ್ ಮಾಡಬಹುದು' ಅನ್ನುವ ಆಶ್ವಾಸನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಇಂಟೆಲ್ 2020ರಲ್ಲಿ ನಕ್ 9 ಎಕ್ಸ್‌ಟ್ರೀಮ್ ತಂದಾಗ ಪ್ರೊಸೆಸರನ್ನೇ ಒಂದು ಕಾರ್ಡಿನೊಳಗಿಟ್ಟು ತೂರಿಸುವ ವ್ಯವಸ್ಥೆ ಮಾಡಿತ್ತು. ನೋಡಲು ಬಹಳ ಸೊಗಸು, ನಾನೂ ಮರುಳಾಗಿದ್ದೆ. 2023ರ ಜುಲೈನಲ್ಲಿ ಇಂಟೆಲ್ ನಕ್ ವ್ಯವಹಾರದಿಂದಲೇ ಕೈ ತೆಗೆಯಿತು, ಆ ಹೆಸರು ಆಸುಸ್‌ಗೆ ಹೋಯಿತು. ಒಬ್ಬರೇ ಮಾಡುವ ಭಾಗದ ಭವಿಷ್ಯ ಆ ಒಬ್ಬರ ಮನಸ್ಸಿನಲ್ಲಿರುತ್ತದೆ. ಅದೇ ವರ್ಷ ಆಗಸ್ಟ್ 3ರಂದು ನಮ್ಮ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಆಮದಿಗೆ ಪರವಾನಗಿ ಬೇಕು ಅಂತ ಹೊರಡಿಸಿದ ಅಧಿಸೂಚನೆಯಲ್ಲಿ ಅತಿ ಸಣ್ಣ ಗಾತ್ರದ ಕಂಪ್ಯೂಟರುಗಳೂ ಹೆಸರು ಹಿಡಿದೇ ಸೇರಿದ್ದವು. ಗಲಾಟೆಯಾಗಿ ಮುಂದೂಡಿ, ನವೆಂಬರ್‌ನಿಂದ ಅದನ್ನು ಸಡಿಲಿಸಿದ ಇನ್ನೊಂದು ವ್ಯವಸ್ಥೆ ಮಾಡಿದರು. ಆದರೂ ಹೊರದೇಶದಲ್ಲಿ ತಯಾರಾಗಿ ಬರುವ ಡಬ್ಬಿಗೆ ಮೂರು ವರ್ಷದ ಮೇಲೆ ಬಿಡಿಭಾಗ ಸಿಗುತ್ತದೆ ಅಂತ ಹೇಗೆ ನೆಚ್ಚುವುದು? ಅಮೆರಿಕದ ನೆಂಟರ ಕೈಲಿ ತರಿಸುತ್ತೇನೆ ಅನ್ನುವವರಿಗೂ ಒಂದು ಮಾತು: ಲಗೇಜಿನಲ್ಲಿ ಬೆಲೆಯ ಮಿತಿ ನೋಡದೆ ಸುಂಕವಿಲ್ಲದೆ ಬಿಡುವುದು ಒಂದು ಲ್ಯಾಪ್‌ಟಾಪನ್ನು, ಈ ಡಬ್ಬಿ ಎಷ್ಟೇ ಪುಟ್ಟದಾದರೂ ಲ್ಯಾಪ್‌ಟಾಪ್ ಅಲ್ಲ. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೋ ಇಲ್ಲವೋ ಅದನ್ನೂ ಮೊದಲೇ ವಿಚಾರಿಸಿ.

ಇಷ್ಟು ಬೈದ ಮೇಲೂ ರೆಡಿಮೇಡಿನ ಪರ ಹೇಳಲು ಗಟ್ಟಿ ಮಾತುಗಳಿವೆ. ಭಾವ ಹೇಳಿದ 'ಒಬ್ಬನ್ನೇ ಕೇಳಂಗಿರ್ಬೇಕು' ಅನ್ನುವುದು ಬೆಂಗಳೂರಿನಲ್ಲಿ ಕೂತವರಿಗೆ ಸಣ್ಣದಾಗಿ ಕಾಣಬಹುದು. ಬಿಡಿಭಾಗ ಕೊಂಡರೆ ವಾರಂಟಿ ವರ್ಷ ಹೆಚ್ಚು ಸಿಗುತ್ತದೆ ನಿಜ, ಆದರೆ ಕಾರ್ಡಿಗೆ ಒಂದು ಸರ್ವಿಸ್ ಸೆಂಟರ್, ಬೋರ್ಡಿಗೆ ಇನ್ನೊಂದು, ತಪ್ಪು ಯಾವುದರದು ಅಂತ ನೀವೇ ಕಂಡುಹಿಡಿದು ಒಯ್ಯಬೇಕು. ಜಿಲ್ಲಾ ಕೇಂದ್ರದಲ್ಲಿರುವ ಮನೆಗೆ ಕಂಪನಿಯ ಎಂಜಿನಿಯರ್ ತಾನಾಗಿ ಬಂದು ಬಾಗಿಲು ತಟ್ಟುವುದಕ್ಕೆ ಬೆಲೆ ಇದ್ದೇ ಇದೆ. ಸಾಗಣೆಯಲ್ಲೂ ಸಣ್ಣದು ಮೇಲು. ಟವರಿನಲ್ಲಿ ಒಂದು ಕಿಲೋ ಮೀರಿದ ಕಾರ್ಡು ಅಡ್ಡಲಾಗಿ ತೂಗಾಡುತ್ತಾ ಕೊರಿಯರಿನವರ ಎಸೆತಕ್ಕೆ ಸ್ಲಾಟನ್ನೇ ಕಿತ್ತುಕೊಂಡು ಬರಬಹುದು, ಬಿಗಿಯಾಗಿ ಕೂರಿಸಿದ ಸಣ್ಣ ಡಬ್ಬಿಯಲ್ಲಿ ಅದು ಅಲುಗಾಡುವುದಿಲ್ಲ. ಬೆಲೆಯೂ ಯಾವಾಗಲೂ ದುಬಾರಿ ಅಂತಲ್ಲ. 2021ರಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗಳಿಸುವವರ ಹಾವಳಿಗೆ ಕಾರ್ಡುಗಳು ಸಿಗದಿದ್ದಾಗ ಇಡೀ ಪಿಸಿ ಕೊಳ್ಳುವುದೇ ಕಾರ್ಡು ಸಿಗುವ ದಾರಿಯಾಗಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ರ‍್ಯಾಮನ್ನೆಲ್ಲ ನುಂಗತೊಡಗಿ, ಬಿಡಿ ರ‍್ಯಾಮಿನ ಬೆಲೆ ಮುಟ್ಟಲಾಗದಂತೆ ಏರಿದೆ. ಆ ಡಿಸೆಂಬರಿನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇನೆ ಅಂದಿತು. ಹಳೆಯ ದರದ ದಾಸ್ತಾನು ಇಟ್ಟುಕೊಂಡ ಕಂಪನಿಯ ರೆಡಿಮೇಡ್ ಪಿಸಿ ಇಂಥ ಹೊತ್ತಿನಲ್ಲಿ ಬಿಡಿಭಾಗಗಳ ಮೊತ್ತಕ್ಕಿಂತ ಅಗ್ಗಕ್ಕೆ ಬಿದ್ದರೆ ಆಶ್ಚರ್ಯವಿಲ್ಲ.

ಲ್ಯಾಪ್‌ಟಾಪನ್ನೇ ಕೊಳ್ಳಬಹುದಲ್ಲ ಅಂತ ಅಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆ. ಎರಡೂವರೆ ಲೀಟರಿನ ಡಬ್ಬಿಯೊಳಗೂ ಅದೇ ಚಿಪ್ಪು ಅಂದಮೇಲೆ ಪರದೆ, ಬ್ಯಾಟರಿ ಎರಡೂ ಸೇರಿ ಬರುವ ಲ್ಯಾಪ್‌ಟಾಪೇ ಹಾಸ್ಟೆಲಿಗೆ ವಾಸಿ. ಕರೆಂಟ್ ಹೋದರೆ ಯುಪಿಎಸ್ ಕೂಡ ಬೇಡ. ಡೆಸ್ಕ್‌ಟಾಪಿಗಾದರೆ ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್, ಆಟದ ನಡುವೆ ಕರೆಂಟ್ ಹೋದರೆ ಅದು ಕಿರುಚಿ ಕೈಬಿಡಬಹುದು. ತೀರ ಪುಟ್ಟ ಡಬ್ಬಿಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇ: ಐದು ಲೀಟರಿನ ಕೆಳಗೆ ಇಳಿಯುವುದಾದರೆ ಲ್ಯಾಪ್‌ಟಾಪಿಗೇ ಇಳಿಯಿರಿ. ಹತ್ತರಿಂದ ಹದಿನೆಂಟು ಲೀಟರಿನ ನಡುವೆ ಮಾತ್ರ ಡೆಸ್ಕ್‌ಟಾಪ್ ಅನ್ನುವುದಕ್ಕೆ ಅರ್ಥ ಉಳಿಯುತ್ತದೆ.

ಆ ನಡುವಿನಲ್ಲೂ ಗೆಲ್ಲುವುದು ಸಣ್ಣ ಆಸೆ ಇರುವವರೇ. ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್ ಎಳೆಯುತ್ತದೆ, ಅದನ್ನು ಹನ್ನೆರಡು ಲೀಟರಿಗೆ ತುರುಕಿದವರ ಸಾಹಸ ಮೆಚ್ಚಬೇಕು, ಕೊಳ್ಳಬೇಕಾಗಿಲ್ಲ. 5060 ಆದರೆ 145 ವ್ಯಾಟ್. ವ್ಯಾಲೊರಂಟ್, ಜಿಟಿಎ ಆಡುವ ಹುಡುಗನಿಗೆ ಅದು ಧಾರಾಳ ಸಾಕು. ರೈಜನ್ ಪ್ರೊಸೆಸರುಗಳಲ್ಲಿ ಇಕೋ ಮೋಡ್ ಅಂತ ಒಂದಿದೆ. ಬಯೋಸಿನಲ್ಲಿ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ, ಅದನ್ನು ಒತ್ತಿದರೆ 142 ವ್ಯಾಟ್‌ವರೆಗೆ ಎಳೆಯುವ ಚಿಪ್ಪು 88ಕ್ಕೆ ನಿಲ್ಲುತ್ತದೆ, ಆಟದಲ್ಲಿ ವ್ಯತ್ಯಾಸ ಹುಡುಕಬೇಕಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಈ ಐವತ್ತು ಚಿಲ್ಲರೆ ವ್ಯಾಟಿನ ಉಳಿತಾಯ ದುಬಾರಿ ಕೂಲರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೊಸಪೇಟೆ ಕಡೆಯಿಂದ ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿಗೆ ಮಾತ್ರ ಯಾವ ಮೋಡೂ ಇಲ್ಲ. ಜಾಲರಿ ಕೈಯಲ್ಲೇ ಬಿಚ್ಚಿ ನಲ್ಲಿಯ ಕೆಳಗೆ ತೊಳೆಯುವ ಹಾಗಿರಬೇಕು. ಸ್ಕ್ರೂಡ್ರೈವರ್ ಬೇಕು ಅಂದರೆ ನಮ್ಮ ಹುಡುಗ ತೊಳೆಯುವುದಿಲ್ಲ, ನನಗೆ ಅವನು ಗೊತ್ತು.

ಸದ್ಯಕ್ಕೆ ಎಸ್.ಪಿ. ರೋಡಿನ ಒಂದು ಅಂಗಡಿಯವರ ಹತ್ತಿರ ಮಾತಾಡಿದ್ದೇನೆ. ಹದಿನೈದು ಲೀಟರಿನ ಕ್ಯಾಬಿನೆಟ್, ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್, ಮಿನಿ ಐಟಿಎಕ್ಸ್ ಬೋರ್ಡಿನ ಎರಡು ಸ್ಲಾಟಿಗೂ ರ‍್ಯಾಮ್, 5060 ಕಾರ್ಡು. ಅವರೇ ಜೋಡಿಸಿ, ಒಂದು ದಿನ ಓಡಿಸಿ ನೋಡಿ, ಒಂದೇ ಬಿಲ್ಲಿನಲ್ಲಿ ಕೊಡುತ್ತಾರಂತೆ, ಕೆಟ್ಟರೆ ಮೊದಲ ವರ್ಷ ಯಾವ ಭಾಗವಾದರೂ ಅವರಿಗೇ ಕಳಿಸಿದರೆ ಸಾಕಂತೆ. ಟವರಿನ ಮಾಮೂಲಿ ಬೋರ್ಡಿಗಿಂತ ಐಟಿಎಕ್ಸ್ ಬೋರ್ಡಿಗೆ ಬೆಲೆ ಹೆಚ್ಚು, ಅದನ್ನು ನಾನು ಭೌತಶಾಸ್ತ್ರದ ಖಾತೆಗೆ ಬರೆದುಕೊಂಡೆ. ಭಾವ ಒಪ್ಪಿದರು. ಹುಡುಗ ಬ್ಯಾಗಿನ ಅಳತೆ ತೆಗೆದು, ಕೂರುತ್ತದೆ ಅಂತ ಫೋಟೋ ಕಳಿಸಿದ. ತಕರಾರು ಉಳಿದಿರುವುದು ಅಕ್ಕನದು. ಪುಟ್ಟ ಡಬ್ಬಿ ಅಂತ ಕೇಳಿದ್ದೇ ತಡ, ಹಾಲಿನ ಶೋಕೇಸಿನಲ್ಲಿ, ಗಾಜಿನ ಬಾಗಿಲು ಹಾಕಿ, ಟಿ.ವಿ.ಯ ಕೆಳಗೆ ಇಡಬೇಕು ಅಂತ ಜಾಗ ಗೊತ್ತುಮಾಡಿ ಕ್ರೋಷಾ ಬಟ್ಟೆಯನ್ನೂ ತೆಗೆದಿಟ್ಟಿದ್ದಾಳೆ. ಗಾಜು ಬಿಚ್ಚಿಸಬೇಕು ಅಂದಿದ್ದೇನೆ. ಬಡಗಿಯನ್ನು ನೀನೇ ಕರೆಸು ಅಂದಳು.